ಬಚ್ಚಲುಮನೆಯ ಗೋಡೆ ಟೈಲ್ಸ್: ಪೈಪ್ ಕೂರಿಸುವ ಮೊದಲೇ ಹಾಕಬೇಕಾದ ಲೆಕ್ಕ

ನಮ್ಮಲ್ಲಿ ಮನೆ ಕಟ್ಟಿಸುವವರು ಬಚ್ಚಲುಮನೆಯ ಟೈಲ್ಸ್ ವಿಚಾರಕ್ಕೆ ಬರುವುದು ಸಾಮಾನ್ಯವಾಗಿ ಉಳಿದದ್ದೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಪ್ಲಂಬರ್ ಗೋಡೆ ಕೊರೆದು ಪೈಪ್ ಕೂರಿಸಿ ಹೋಗಿರುತ್ತಾರೆ, ಪ್ಲಾಸ್ಟರಿಂಗ್ ಒಣಗಿರುತ್ತದೆ. ಆಮೇಲೆ ಒಂದು ಭಾನುವಾರ ಮನೆಯವರೆಲ್ಲ ಅಂಗಡಿಗೆ ಹೋಗಿ, ಬಣ್ಣ ಒಪ್ಪಿ, ಚದರಡಿ ಲೆಕ್ಕ ಹೇಳಿ ಟೈಲ್ಸ್ ತರುತ್ತಾರೆ. ಯಾವ ಟೈಲ್ ಎಲ್ಲಿ ಕೂರಬೇಕು, ಕತ್ತರಿಸಿದ ತುಂಡು ಯಾವ ಮೂಲೆಗೆ ಹೋಗಬೇಕು ಎಂಬುದು ಕೆಲಸ ಶುರುವಾಗುವ ದಿನ ಬೆಳಿಗ್ಗೆ ಮೇಸ್ತ್ರಿಯವರು ನಿಂತಲ್ಲೇ ಮಾಡುವ ತೀರ್ಮಾನವಾಗುತ್ತದೆ.

ನಮ್ಮ ಮನೆಯ ಮೊದಲ ಬಚ್ಚಲುಮನೆಯಲ್ಲಿ ಹೀಗೆಯೇ ಆಯಿತು. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಎಡಮೂಲೆಯಲ್ಲಿ ನೆಲದಿಂದ ಮೇಲಿನವರೆಗೆ ಬೆರಳಗಲದ ತುಂಡುಗಳ ಸಾಲೊಂದು ಉಳಿಯಿತು. ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯ, ಅಂದರೆ ಮಿಕ್ಸರ್‌ನ, ಎರಡು ತೂತುಗಳಲ್ಲಿ ಒಂದು ಟೈಲ್‌ನ ನಟ್ಟನಡುವೆ ಬಂತು, ಇನ್ನೊಂದು ಟೈಲ್‌ನ ಅಂಚನ್ನು ಅರ್ಧ ಕಚ್ಚಿಕೊಂಡು ಕೂತಿತು. ಆ ಅಂಚನ್ನು ಕೊರೆಯುವಾಗ ಎರಡು ಟೈಲ್ ಒಡೆದವು. ಮೂರನೆಯದು ನಿಂತಿತಾದರೂ ವರ್ಷದೊಳಗೆ ಕೂದಲೆಳೆಯಂಥ ಬಿರುಕು ಬಿಟ್ಟಿತು. ಮೇಸ್ತ್ರಿಯವರ ಕೈಕೆಲಸದಲ್ಲಿ ಕೊರತೆಯಿರಲಿಲ್ಲ. ಅವರಿಗೆ ನಕ್ಷೆಯನ್ನು ಯಾರೂ ಕೊಟ್ಟಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಎರಡನೆಯ ಬಚ್ಚಲುಮನೆಯ ಹೊತ್ತಿಗೆ ಕೆಲಸದ ಕ್ರಮವನ್ನೇ ಬದಲಿಸಿದೆ: ಮೊದಲು ಟೈಲ್‌ನ ಅಳತೆ ನಿರ್ಧಾರ, ಆಮೇಲೆ ಕಾಗದದ ಮೇಲೆ ನಾಲ್ಕು ಗೋಡೆಗಳ ನಕ್ಷೆ, ಅದಾದ ಮೇಲೆ ಪ್ಲಂಬರ್ ಕೈಗೆ ಉಳಿ. ಇಲ್ಲಿ ವಿವರಿಸುತ್ತಿರುವುದು ಆ ಎರಡನೆಯ ಕೋಣೆಯ ಲೆಕ್ಕವನ್ನೇ. ಪ್ಲಾಸ್ಟರಿಂಗ್ ಆದ ಮೇಲೆ ಅದರ ಒಳ ಅಳತೆ 1530 ಮಿ.ಮೀ. ಅಗಲ, 2420 ಮಿ.ಮೀ. ಉದ್ದ, ಅಂದರೆ ನಾವು ಬಾಯಿಮಾತಿನಲ್ಲಿ ಐದಡಿ ಎಂಟಡಿ ಎನ್ನುವ ಕೋಣೆ. ಬಾಗಿಲು ಚಿಕ್ಕ ಗೋಡೆಯಲ್ಲಿದೆ, ಅದರ ಎದುರಿನ ಚಿಕ್ಕ ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್ ಇದೆ, ಸ್ನಾನದ ಜಾಗ ಆ ಒಳತುದಿಯಲ್ಲಿದೆ.

ಅಡಿಯ ಮಾತು, ಮಿಲಿಮೀಟರಿನ ಟೈಲ್

ಅಂಗಡಿಯಲ್ಲಿ ‘ಒಂದಡಿ ಎರಡಡಿ’ ಎಂದು ಕೊಡುವ ಟೈಲ್ ನಿಜಕ್ಕೂ 300 ಮಿ.ಮೀ. ಅಗಲ, 600 ಮಿ.ಮೀ. ಉದ್ದದ್ದು. ಎರಡಡಿ ಎಂದರೆ 609.6 ಮಿ.ಮೀ. ಒಂದು ಟೈಲ್‌ನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಎಂಟಡಿ ಗೋಡೆಗೆ ನಾಲ್ಕು ಟೈಲ್ ಸರಿಹೋಗುತ್ತದೆಂದು ನಂಬಿ ಕೂತರೆ ಕೊನೆಯಲ್ಲಿ 38 ಮಿ.ಮೀ. ಖಾಲಿ ಉಳಿದು, ಅಲ್ಲಿಗೆ ಒಂದೂವರೆ ಅಂಗುಲದ ತುಂಡು ತುರುಕಬೇಕಾಗುತ್ತದೆ. ಆದ್ದರಿಂದ ಟೇಪ್ ಹಿಡಿಯುವ ಮೊದಲ ಕ್ಷಣದಿಂದಲೇ ಮಿಲಿಮೀಟರಿನಲ್ಲಿ ಬರೆಯಿರಿ. ಆಯ್ಕೆ ಮಾಡಿದ ಟೈಲ್‌ನ ಒಂದು ಬಾಕ್ಸ್ ಮೊದಲೇ ತಂದು, ನಾಲ್ಕೈದು ಟೈಲ್‌ಗಳನ್ನು ನಡುವೆ ಸ್ಪೇಸರ್ (ಸಮನಾದ ಸಂದು ಬಿಡಿಸುವ ಪುಟ್ಟ ತುಂಡು) ಇಟ್ಟು ನೆಲದ ಮೇಲೆ ಜೋಡಿಸಿ ಒಟ್ಟು ಉದ್ದ ಅಳೆಯಿರಿ, ಏಕೆಂದರೆ ಬಾಕ್ಸಿನ ಮೇಲೆ ಮುದ್ರಿಸಿದ ಅಳತೆಗಿಂತ ನಿಜವಾದ ಟೈಲ್ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರುವುದುಂಟು.

ನಾನು 2 ಮಿ.ಮೀ. ಸಂದು ಇಟ್ಟುಕೊಂಡೆ. ಆಗ ಒಂದು ಟೈಲ್ ಮತ್ತು ಒಂದು ಸಂದು ಸೇರಿ ಅಡ್ಡಕ್ಕೆ 602, ಎತ್ತರಕ್ಕೆ 302 ಮಿ.ಮೀ. ಆಗುತ್ತದೆ. ಇನ್ನು ಮುಂದಿನ ಲೆಕ್ಕವೆಲ್ಲ ಈ ಎರಡು ಸಂಖ್ಯೆಗಳ ಮೇಲೆಯೇ ನಿಂತಿದೆ. ಸಂದೇ ಇಲ್ಲದಂತೆ ಟೈಲ್‌ಗೆ ಟೈಲ್ ಒತ್ತಿ ಕೂರಿಸಿದರೆ ಗೋಡೆ ಒಂದೇ ಹಾಳೆಯಂತೆ ಕಾಣುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ದಯವಿಟ್ಟು ಒಪ್ಪಬೇಡಿ. ಟೈಲ್‌ಗಳ ಅಳತೆಯಲ್ಲಿರುವ ಅಲ್ಪಸ್ವಲ್ಪ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಈ ಸಂದು. ಅದಿಲ್ಲದಿದ್ದರೆ ಐದಾರು ಸಾಲು ಮೇಲೇರುವಷ್ಟರಲ್ಲಿ ಗೆರೆಗಳು ಒಂದಕ್ಕೊಂದು ತಪ್ಪುತ್ತವೆ, ಸಂದು ತುಂಬುವ ಗ್ರೌಟ್ ಒಳಗಿಳಿಯಲು ಜಾಗವಿಲ್ಲದೆ ನೀರು ಹಿಂದಕ್ಕೆ ಹೋಗುತ್ತದೆ.

602 ಮಿ.ಮೀ.ಗೊಂದು ಗೆರೆ ಎಳೆದ ಮರದ ರೀಪನ್ನು ಮಾಡಿಟ್ಟುಕೊಳ್ಳುವುದು ಬಹಳ ಒಳ್ಳೆಯದು. ಇನ್ನೊಂದರ ಮೇಲೆ 302 ಮಿ.ಮೀ.ಗೊಂದು ಗೆರೆ ಇರಲಿ. ಈ ರೀಪನ್ನು ಗೋಡೆಗೆ ಹಿಡಿದು ಆಚೀಚೆ ಸರಿಸಿದರೆ ತುಂಡು ಎಲ್ಲಿ, ಎಷ್ಟು ಬರುತ್ತದೆಂದು ಕೂಡುವ ಕಳೆಯುವ ಗೊಡವೆಯಿಲ್ಲದೆ ಕಣ್ಣಿಗೇ ಕಾಣುತ್ತದೆ.

ಗೋಡೆಯನ್ನು ಒಂದೇ ಕಡೆ ಅಳೆದು ಬಿಡಬೇಡಿ. ಕೆಳಗೆ, ನಡುವೆ, ಮೇಲೆ, ಮೂರೂ ಕಡೆ ಅಳೆಯಿರಿ. ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಪಕ್ಕದ ಗೋಡೆಯ ಮೇಲೆ 4 ಅಡಿಗೆ ಗುರುತು ಹಾಕಿ, ಆ ಎರಡು ಗುರುತುಗಳ ನಡುವಿನ ಓರೆ ಅಳತೆ ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಸರಿಯಿದೆ ಎಂದರ್ಥ. ಗೋಡೆ ಓರೆಯಾಗಿದ್ದರೆ ಅದನ್ನು ಪ್ಲಾಸ್ಟರಿಂಗ್‌ನಲ್ಲಿಯೇ ಸರಿಪಡಿಸಿಕೊಳ್ಳಬೇಕು. ಟೈಲ್ ಹಾಕುವಾಗ ಸರಿಮಾಡೋಣ ಎಂದುಕೊಂಡರೆ ಮೂಲೆಯ ತುಂಡು ಕೆಳಗೆ ಅಗಲ, ಮೇಲೆ ಕಿರಿದಾಗಿ ಬಂದು ಗೋಡೆಯ ಓರೆಯನ್ನು ಎಲ್ಲರಿಗೂ ತೋರಿಸಿಕೊಡುತ್ತದೆ.

ಎದುರಿನ ಗೋಡೆ ಮೊದಲು

ಬಾಗಿಲಲ್ಲಿ ನಿಂತಾಗ ನೇರ ಕಾಣುವ ಗೋಡೆಗೆ ಮೊದಲು ಟೈಲ್ಸ್ ಹಾಕಿ, ಅಕ್ಕಪಕ್ಕದ ಉದ್ದ ಗೋಡೆಗಳ ಟೈಲ್‌ಗಳು ಬಂದು ಅದಕ್ಕೆ ತಾಗುವಂತೆ ಮಾಡಬೇಕು. ಹೀಗೆ ಮಾಡಿದರೆ ಮೂಲೆಯ ಸಂದು ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ಬಾಗಿಲಿನಿಂದ ನೋಡುವವರಿಗೆ ಕಾಣುವುದಿಲ್ಲ. ತಿರುಗಾಮುರುಗಾ ಮಾಡಿದರೆ ಮೂಲೆಯ ಗೆರೆ ಸೀದಾ ಮುಖಕ್ಕೇ ಬರುತ್ತದೆ.

ನಮ್ಮ 1530 ಮಿ.ಮೀ. ಗೋಡೆಗೆ ಮೂರು ದಾರಿಗಳಿದ್ದವು. ಒಂದು ಮೂಲೆಯಿಂದ ಪೂರ್ತಿ ಟೈಲ್ ಶುರುಮಾಡಿದರೆ ಎರಡು ಟೈಲ್ ಆಗಿ ಇನ್ನೊಂದು ಮೂಲೆಗೆ 326 ಮಿ.ಮೀ. ತುಂಡು ಬರುತ್ತದೆ. ಹೆಚ್ಚಿನ ಮೇಸ್ತ್ರಿಗಳು ಮಾಡುವುದು ಇದನ್ನೇ, ಆದರೆ ಎದುರಿಗೇ ಕಾಣುವ ಗೋಡೆ ಒಂದು ಕಡೆಗೆ ವಾಲಿದಂತೆ ತೋರುತ್ತದೆ. ಗೋಡೆಯ ನಡುಗೆರೆಯ ಮೇಲೆ ಸಂದು ಇಟ್ಟು ಎರಡೂ ಕಡೆಗೆ ಹೋದರೆ ನಡುವೆ ಎರಡು ಪೂರ್ತಿ ಟೈಲ್, ಎರಡೂ ತುದಿಗೆ 162 ಮಿ.ಮೀ. ತುಂಡು. ನಡುಗೆರೆಯ ಮೇಲೆ ಟೈಲ್‌ನ ಮಧ್ಯವನ್ನೇ ಕೂರಿಸಿದರೆ ನಡುವೆ ಒಂದು ಪೂರ್ತಿ ಟೈಲ್, ಎರಡೂ ತುದಿಗೆ 463 ಮಿ.ಮೀ. ನಾನು ಮೂರನೆಯದನ್ನು ಆರಿಸಿದೆ. ತುದಿಯ ತುಂಡು ಅರ್ಧ ಟೈಲ್‌ಗಿಂತ ದೊಡ್ಡದಿದ್ದರೆ ಅದು ತುಂಡು ಎಂದು ಕಣ್ಣಿಗೆ ಅನ್ನಿಸುವುದೇ ಇಲ್ಲ. ಜೊತೆಗೆ ನಮ್ಮ ವೆಂಟಿಲೇಟರ್ ಗೋಡೆಯ ನಡುವೆ ಎರಡಡಿ ಅಗಲಕ್ಕಿದ್ದುದರಿಂದ ಅದರ ಅಂಚುಗಳು ನಡುವಿನ ಟೈಲ್‌ನ ಸಂದುಗಳ ನೇರಕ್ಕೇ ಬಂದವು. ನಿಮ್ಮ ವೆಂಟಿಲೇಟರ್ ನಾಲ್ಕೈದು ಅಂಗುಲ ಪಕ್ಕಕ್ಕಿದ್ದರೆ ಗೋಡೆಯ ನಡುವನ್ನು ಬಿಟ್ಟು ವೆಂಟಿಲೇಟರ್‌ನ ನಡುವನ್ನು ಹಿಡಿಯುವುದೇ ಲೇಸು ಎಂದು ನನಗನ್ನಿಸುತ್ತದೆ. ಎರಡು ಮೂಲೆಗಳು ಒಟ್ಟಿಗೆ ಒಂದೇ ನೋಟಕ್ಕೆ ಸಿಗುವುದು ಕಡಿಮೆ, ಬೆಳಕು ಬರುವ ಕಿಟಕಿಯ ಕಡೆಗೆ ಕಣ್ಣು ಹೋಗಿಯೇ ಹೋಗುತ್ತದೆ.

162 ಮಿ.ಮೀ. ತುಂಡಿನ ದಾರಿಯಲ್ಲಿ ಟೈಲ್ ಉಳಿಯುತ್ತದೆ, ಒಂದೇ ಟೈಲ್‌ನಿಂದ ಮೂರು ತುಂಡು ಬರುತ್ತವೆ ಎಂದು ಮೇಸ್ತ್ರಿಯವರು ಹೇಳಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಕತ್ತರಿಸಿದ ಅಂಚು ಯಾವಾಗಲೂ ಮೂಲೆಯ ಕಡೆಗೆ, ಕಾರ್ಖಾನೆಯ ಅಂಚು ಪಕ್ಕದ ಟೈಲ್‌ನ ಕಡೆಗೆ ಇರಬೇಕು. ಒಂದು ಟೈಲ್‌ಗೆ ಅಂಥ ಅಂಚು ಎರಡೇ ಇರುವುದರಿಂದ ನಿಜವಾಗಿ ಬಳಸಬಹುದಾದ ತುಂಡುಗಳೂ ಎರಡೇ. ಒಂದು ಸಾಲಿಗೆ ಎರಡು ಪೂರ್ತಿ ಟೈಲ್, ತುಂಡುಗಳಿಗೆ ಒಂದು, ಒಟ್ಟು ಮೂರು ಟೈಲ್. 463ರ ದಾರಿಯಲ್ಲೂ ಸಾಲಿಗೆ ಮೂರೇ ಟೈಲ್. ಖರ್ಚು ಒಂದೇ ಆಗಿರುವಾಗ ಚೆನ್ನಾಗಿ ಕಾಣುವುದನ್ನೇ ಆರಿಸಬಹುದಲ್ಲವೇ?

ಟೈಲ್‌ನ ದಪ್ಪವೂ ಅಳತೆಯೇ

ಉದ್ದ ಗೋಡೆಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 2420 ಮಿ.ಮೀ. ಗೋಡೆಗೆ ನಾಲ್ಕು ಪೂರ್ತಿ ಟೈಲ್ ಮತ್ತು ಮೂರು ಸಂದು ಸೇರಿ 2406 ಆಗಿ 14 ಮಿ.ಮೀ. ಉಳಿಯುತ್ತದೆ. ಕಾಗದದ ಮೇಲೆ ಇದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ನಮ್ಮ ಮೊದಲ ಬಚ್ಚಲುಮನೆಯ ಬೆರಳಗಲದ ತುಂಡು ಹುಟ್ಟಿದ್ದು ಇಂಥ ಉಳಿಕೆಯಿಂದಲೇ. ಆದರೆ ಉದ್ದ ಗೋಡೆಗೆ ಟೈಲ್ ಹಾಕುವ ಹೊತ್ತಿಗೆ ಅದರ ಎರಡೂ ತುದಿಯ ಚಿಕ್ಕ ಗೋಡೆಗಳಿಗೆ ಟೈಲ್ಸ್ ಕೂತಿರುತ್ತವೆ ಎಂಬುದನ್ನು ನೆನಪಿಡಬೇಕು. ಟೈಲ್‌ನ ದಪ್ಪ 9 ಮಿ.ಮೀ., ಅದರ ಹಿಂದಿನ ಅಂಟು, ಅಂದರೆ ಅಡ್ಹೆಸಿವ್, 4 ಮಿ.ಮೀ. ಎಂದು ಹಿಡಿದರೆ ಒಂದು ತುದಿಗೆ 13, ಎರಡು ತುದಿಗೆ 26 ಮಿ.ಮೀ. ಕಡಿಮೆಯಾಗಿ ಗೋಡೆ 2394ಕ್ಕೆ ಇಳಿಯುತ್ತದೆ. ಮೂಲೆಗಳಲ್ಲಿ ಸಿಲಿಕೋನ್ ತುಂಬಲು 2 ಮಿ.ಮೀ.ಯಂತೆ ಬಿಟ್ಟು, ನಡುವೆ ಎರಡು ಪೂರ್ತಿ ಟೈಲ್, ತುದಿಗಳಲ್ಲಿ 592 ಮಿ.ಮೀ.ಗೆ ಕತ್ತರಿಸಿದ ಎರಡು ಟೈಲ್ ಇಟ್ಟರೆ ಗೋಡೆ ತುಂಬಿತು. ಎಂಟು ಮಿ.ಮೀ. ಕಡಿಮೆಯಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಹೀಗಾಗಿ ನಾಲ್ಕೂ ಟೈಲ್ ಪೂರ್ತಿಯಾಗಿ ಕಾಣುತ್ತವೆ. ಎದುರಿನ ಗೋಡೆಯ 463 ಮಿ.ಮೀ. ತುಂಡುಗಳೂ ಅಷ್ಟೆ. ಅವುಗಳ 13 ಮಿ.ಮೀ. ಭಾಗವನ್ನು ಪಕ್ಕದ ಗೋಡೆಯ ಟೈಲ್ಸ್ ಮುಚ್ಚಿಬಿಡುವುದರಿಂದ ಕಾಣುವುದು 450 ಮಾತ್ರ, ಕತ್ತರಿಸಿದ ಅಂಚು ಹಿಂದೆ ಅಡಗಿಹೋಗುತ್ತದೆ.

ಈ 13 ಎಂಬ ಸಂಖ್ಯೆ ಎಲ್ಲ ಕಡೆಗೂ ಒಂದೇ ಅಲ್ಲ. ಹಳೆಯ ಪದ್ಧತಿಯಲ್ಲಿ ಟೈಲ್‌ನ ಬೆನ್ನಿಗೆ ಸಿಮೆಂಟ್ ಗಾರೆ ಮೆತ್ತಿ ಕೂರಿಸುವುದಾದರೆ ಅರ್ಧದಿಂದ ಮುಕ್ಕಾಲು ಅಂಗುಲ ಗಾರೆಯೇ ಹೋಗುತ್ತದೆ, ಆಗ ಎರಡು ತುದಿಗೆ ಸೇರಿ 26ರ ಬದಲು 45–50 ಮಿ.ಮೀ. ಕಡಿಮೆಯಾಗಬಹುದು. ಆದ್ದರಿಂದ ನಕ್ಷೆ ಹಾಕುವ ಮೊದಲೇ ಯಾವ ಪದ್ಧತಿ ಎಂದು ಮೇಸ್ತ್ರಿಯವರೊಂದಿಗೆ ಮಾತನಾಡಿ ಗಟ್ಟಿಮಾಡಿಕೊಳ್ಳಿ. ಅಡ್ಹೆಸಿವ್ ಆದರೆ ಚೀಲದ ಮೇಲೆ ಐಎಸ್ 15477 ಎಂಬ ಗುರುತು ಮತ್ತು ಅದರ ಟೈಪ್ ನೋಡಿ, ನಿಮ್ಮ ಟೈಲ್‌ಗೆ ಯಾವ ಟೈಪ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಗಾರೆಯಾದರೆ ನೀರು ಕುಡಿಯುವ ಸಿರಾಮಿಕ್ ಟೈಲ್‌ಗಳನ್ನು ಮೊದಲು ನೀರಿನಲ್ಲಿ ನೆನೆಸಬೇಕು, ಅಡ್ಹೆಸಿವ್‌ಗೆ ನೆನೆಸಬಾರದು.

ಎತ್ತರದ ಲೆಕ್ಕ

ಅಡ್ಡ ಅಳತೆಗಿಂತ ಎತ್ತರದ ಲೆಕ್ಕ ಕಷ್ಟದ್ದು, ಏಕೆಂದರೆ ಬಚ್ಚಲುಮನೆಯ ನೆಲ ಮಟ್ಟಸವಾಗಿರುವುದಿಲ್ಲ, ಇರಬಾರದು ಕೂಡ. 80ಕ್ಕೆ 1ರಂತೆ ಇಳಿಜಾರು ಕೊಟ್ಟರೆ ಬಾಗಿಲಿನಿಂದ ಒಳತುದಿಯಲ್ಲಿ ನೀರು ಹೊರಹೋಗುವ ಜಾಲಿಯವರೆಗೆ 2400 ಮಿ.ಮೀ.ನಲ್ಲಿ 30 ಮಿ.ಮೀ. ಇಳಿಯುತ್ತದೆ. ಗೋಡೆಯ ಸಾಲುಗಳು ಮಾತ್ರ ರಸಮಟ್ಟಕ್ಕೆ ಸರಿಯಾಗಿ ಇರಲೇಬೇಕು. ಈ ಎರಡನ್ನೂ ಹೊಂದಿಸುವುದು ಎಲ್ಲಕ್ಕಿಂತ ಕೆಳಗಿನ ಸಾಲು. ಅದು ಬಾಗಿಲ ಬಳಿ ಗಿಡ್ಡ, ಜಾಲಿಯ ಬಳಿ ಅದಕ್ಕಿಂತ 30 ಮಿ.ಮೀ. ಹೆಚ್ಚು ಎತ್ತರ. ಒಂದೇ ಟೈಲ್‌ನಲ್ಲಿ ಇದು ಆಗಬೇಕಾದರೆ ಜಾಲಿಯ ಬಳಿ 300 ಮಿ.ಮೀ. ಮೀರಬಾರದು, ಹಾಗೆಂದರೆ ಬಾಗಿಲ ಬಳಿ 270 ಮೀರಬಾರದು. ಕೆಳಗಿನ ಸಾಲನ್ನು ಬಿಟ್ಟು ಎರಡನೆಯ ಸಾಲಿನಿಂದ ಕೆಲಸ ಶುರುಮಾಡಿ, ನೆಲದ ಟೈಲ್ಸ್ ಆದ ಮೇಲೆ ಕೆಳಸಾಲನ್ನು ಇಳಿಜಾರಿಗೆ ತಕ್ಕಂತೆ ಕತ್ತರಿಸಿ ನೆಲದ ಟೈಲ್‌ನ ಮೇಲೆ ಇಳಿಸುವ ಪದ್ಧತಿ ಇದಕ್ಕಾಗಿಯೇ ಇರುವುದು. ಗೋಡೆಯ ಮೇಲಿಂದ ಇಳಿದ ನೀರು ಸಂದಿನೊಳಗೆ ಹೋಗದೆ ನೆಲಕ್ಕೇ ಬೀಳುವುದು ಇದರ ಇನ್ನೊಂದು ಲಾಭ.

ಮೊದಲು ಬಾಗಿಲ ಬಳಿ ನೆಲ ಎಲ್ಲಿಗೆ ಬರುತ್ತದೆಂದು ಗಟ್ಟಿಮಾಡಿಕೊಂಡು, ಅಲ್ಲಿಂದ ಒಂದು ಮೀಟರ್ ಎತ್ತರಕ್ಕೆ ನೀರಿನ ಟ್ಯೂಬ್ ಹಿಡಿದು ನಾಲ್ಕೂ ಗೋಡೆಗೆ ದಾರದ ಗೆರೆ ಹೊಡೆಸಿ. ನಂತರದ ಎಲ್ಲ ಎತ್ತರವನ್ನೂ ಈ ಗೆರೆಯಿಂದಲೇ ಅಳೆಯಬೇಕು, ನೆಲದಿಂದ ಅಳೆಯಬಾರದು. ಆ ಹೊತ್ತಿಗೆ ನೆಲವೇ ಇರುವುದಿಲ್ಲ.

ಬಾಗಿಲ ಚೌಕಟ್ಟಿನ ತಲೆಯ ನೇರಕ್ಕೆ ಒಂದು ಸಂದು ಹಾದುಹೋದರೆ ನೋಡಲು ಬಹಳ ಹಿತವಾಗಿರುತ್ತದೆ. ನಮ್ಮ ಚೌಕಟ್ಟಿನ ತಲೆ ಬಚ್ಚಲುಮನೆಯ ನೆಲದಿಂದ 2080 ಮಿ.ಮೀ. ಇತ್ತು. ಮೇಲಿನಿಂದ ಆರು ಸಾಲು ಇಳಿದರೆ 1812, ಉಳಿದದ್ದು 268. ಅಂದರೆ ಕೆಳಸಾಲು ಬಾಗಿಲ ಬಳಿ 268, ಜಾಲಿಯ ಬಳಿ 298, ಒಂದು ಟೈಲ್‌ನ ಮಿತಿಯೊಳಗೇ ಬಂತು. ಚೌಕಟ್ಟು 2120 ಇದ್ದಿದ್ದರೆ ಬಾಗಿಲ ಬಳಿ 308 ಉಳಿದು, ಒಂದು ಟೈಲ್ ಸಾಲದೆ ಕೆಳಗೊಂದು ಪಟ್ಟಿ ಸೇರಿಸಬೇಕಾಗುತ್ತಿತ್ತು. ಅಂಥ ಸ್ಥಿತಿಯಲ್ಲಿ ಬಾಗಿಲ ನೇರದ ಆಸೆಯನ್ನು ಬಿಟ್ಟುಬಿಡಿ. ಸದಾ ನೀರು ನಿಲ್ಲುವ ಕಡೆ ಸಣ್ಣ ತುಂಡುಗಳ ಸಾಲು ಇರಲೇಬಾರದು.

ಇನ್ನು ಮೇಲ್ತುದಿ. 2080ರ ಮೇಲೆ ಇನ್ನೊಂದು ಸಾಲು ಹೋದರೆ 2382ಕ್ಕೆ ಮುಗಿಯುತ್ತದೆ. ಫಾಲ್ಸ್ ಸೀಲಿಂಗ್ 2400ಕ್ಕೆ ಎಂದು ಮಾತಾಗಿತ್ತು, ಹಾಗೆ ಬಿಟ್ಟಿದ್ದರೆ ಮೇಲೆ 18 ಮಿ.ಮೀ. ಪಟ್ಟಿ ಉಳಿಯುತ್ತಿತ್ತು. ಸೀಲಿಂಗ್‌ನವರಿಗೆ ಹೇಳಿ 2375ಕ್ಕೆ ಇಳಿಸಿದೆವು. ಟೈಲ್‌ನ ಮೇಲಂಚು ಅದರ ಹಿಂದೆ ಅಡಗಿತು. ಫಾಲ್ಸ್ ಸೀಲಿಂಗ್ ಇಲ್ಲದವರು ಪೂರ್ತಿ ಸಾಲಿಗೆ ನಿಲ್ಲಿಸಿ ಮೇಲೆ ಬಣ್ಣ ಬಳಿಸಿದರೆ ಸಾಕು.

ನಕ್ಷೆಯನ್ನು ಪ್ಲಂಬರ್‌ಗೆ ಕೊಡುವುದು

ಗೋಡೆಗೆ ಕೂರುವ ಮಿಕ್ಸರ್‌ನ ಬಿಸಿನೀರು, ತಣ್ಣೀರು ಪಾಯಿಂಟ್‌ಗಳ ನಡುವಿನ ಅಂತರ 150 ಮಿ.ಮೀ. ಈ ಎರಡು ತೂತುಗಳು ಒಂದು ಸಂದಿನಿಂದ ಎರಡೂ ಕಡೆಗೆ 75 ಮಿ.ಮೀ. ದೂರದಲ್ಲಿ ಇರಬೇಕು, ಇಲ್ಲವೇ ಒಂದೇ ಟೈಲ್‌ನ ನಡುಗೆರೆಯಿಂದ 75ರಂತೆ ಇರಬೇಕು. ನಮ್ಮ ಉದ್ದ ಗೋಡೆಯಲ್ಲಿ ಒಳಮೂಲೆಯ ಟೈಲ್‌ನ ಮುಖದಿಂದ ಮೊದಲ ಸಂದು 595 ಮಿ.ಮೀ.ಗೆ ಬರುತ್ತಿತ್ತು. ಶವರ್ ಕೆಳಗೆ ನಿಲ್ಲಲು ಅದು ತಕ್ಕ ಜಾಗವೂ ಹೌದು, ಆದ್ದರಿಂದ ಆ ಸಂದನ್ನೇ ಶವರ್‌ನ ನಡುಗೆರೆ ಮಾಡಿಕೊಂಡೆವು. ಎತ್ತರಕ್ಕೆ ಸಾಲಿನ ನಡುಭಾಗ ಜಾಲಿಯ ಕಡೆಯ ನೆಲದಿಂದ 1053 ಮಿ.ಮೀ., ಅಂದರೆ ಮೀಟರ್ ಗೆರೆಯಿಂದ 23 ಮಿ.ಮೀ. ಮೇಲೆ. ಪ್ಲಂಬರ್ ವಾಡಿಕೆಯಂತೆ ಮೂರೂವರೆ ಅಡಿ, ಎಂದರೆ 1067 ಎಂದಿದ್ದರು. ಹದಿನಾಲ್ಕು ಮಿ.ಮೀ. ಇಳಿಸಲು ಪೈಪ್ ಕೂರಿಸುವ ಮೊದಲು ಒಂದು ಮಾತು ಸಾಕು, ಆಮೇಲಾದರೆ ಗೋಡೆಯನ್ನೇ ಒಡೆಯಬೇಕು. ಬಕೆಟ್ ನಲ್ಲಿಯನ್ನೂ ಹೀಗೆಯೇ ಒಂದು ಸಾಲಿನ ನಡುವಿಗೆ, ಸುಮಾರು 750 ಮಿ.ಮೀ.ಗೆ ತಂದೆವು. ಬಕೆಟ್ ಇಟ್ಟು, ಅದರ ಮೇಲೆ ಚೊಂಬು ಹಿಡಿದು ಅಮ್ಮ ಸರಿ ಎಂದ ಮೇಲೆಯೇ ಗುರುತು ಹಾಕಿದ್ದು.

ಪಾಯಿಂಟ್‌ನ ಬಾಯಿ ಪ್ಲಾಸ್ಟರಿಂಗ್‌ನಿಂದ ಎಷ್ಟು ಹೊರಗಿರಬೇಕು ಎಂಬುದಕ್ಕೂ ಆ 13 ಮಿ.ಮೀ. ಬೇಕು. ಬಾಯಿ ಟೈಲ್‌ನ ಮುಖಕ್ಕೆ ಸಮವಾಗಿದ್ದರೆ ನಲ್ಲಿಯ ಬಿಲ್ಲೆ ಗೋಡೆಗೆ ಅಂಟಿ ಕೂರುತ್ತದೆ.

ಸೋಪು, ಶಾಂಪೂ ಇಡುವ ಗೂಡು ಬೇಕಿದ್ದರೆ ಅದನ್ನೂ ಈ ಹಂತದಲ್ಲಿಯೇ ತೀರ್ಮಾನಿಸಿ, ಒಂದು ಟೈಲ್‌ನ ಉದ್ದ ಮತ್ತು ಒಂದು ಸಾಲಿನ ಎತ್ತರಕ್ಕೆ ಸರಿಯಾಗಿ ಬಿಡಿಸಿ. ನಾಲ್ಕಂಗುಲದ ಗೋಡೆಯಲ್ಲಿ ಗೂಡು ಕೊರೆಯುವ ಯೋಚನೆ ಬೇಡ.

ಬಣ್ಣದ ಸಾಲುಗಳು

ಅಂಗಡಿಯವರು ಡಾರ್ಕ್, ಹೈಲೈಟರ್, ಲೈಟ್ ಎಂದು ಮೂರು ಬಗೆಯ ಟೈಲ್‌ಗಳನ್ನು ಜೊತೆಯಾಗಿ ತೋರಿಸುತ್ತಾರೆ. ಡಾರ್ಕ್ ಕೆಳಗೆ ಎಷ್ಟು ಸಾಲು, ಹೈಲೈಟರ್ ಎಷ್ಟನೆಯ ಸಾಲು ಎಂದು ನಕ್ಷೆಯಲ್ಲಿ ಬರೆಯುವಾಗ ಮಿಕ್ಸರ್ ಇರುವ ಸಾಲಿಗೆ ಹೈಲೈಟರ್ ಬೀಳದಂತೆ ನೋಡಿಕೊಳ್ಳಿ, ಏಕೆಂದರೆ ಹೂವಿನ ಚಿತ್ರದ ನಡುವೆ ತೂತು ಬಿದ್ದರೆ ಚೆಂದವಿರುವುದಿಲ್ಲ. ನನ್ನನ್ನು ಕೇಳಿದರೆ ಹೈಲೈಟರ್ ಎದುರಿನ ಒಂದೇ ಗೋಡೆಗೆ ಸಾಕು, ಪುಟ್ಟ ಕೋಣೆಯನ್ನು ನಾಲ್ಕೂ ಕಡೆ ಪಟ್ಟಿ ಕಟ್ಟಿದರೆ ಅದು ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಹೊಳಪಿನ ಕಡುಬಣ್ಣದ ಟೈಲ್ ಸ್ನಾನದ ಜಾಗಕ್ಕೆ ಬೇಡವೇ ಬೇಡ. ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಕೂತು, ದಿನವೂ ಒರೆಸುವ ಕೆಲಸ ಮನೆಯಲ್ಲಿ ಯಾರಿಗೋ ಒಬ್ಬರಿಗೆ ಅಂಟಿಕೊಳ್ಳುತ್ತದೆ.

ಇಟ್ಟಿಗೆ ಕಟ್ಟಿದಂತೆ ಸಾಲು ತಪ್ಪಿಸಿ ಹಾಕುವ ಆಸೆಯಿದ್ದರೆ 600 ಮಿ.ಮೀ. ಉದ್ದದ ಟೈಲ್‌ಗಳಲ್ಲಿ ಅರ್ಧಕ್ಕೆ ತಪ್ಪಿಸದೆ ಮೂರನೆಯ ಒಂದು ಭಾಗಕ್ಕೆ ತಪ್ಪಿಸಿ. ಉದ್ದ ಟೈಲ್‌ಗಳು ನಡುವೆ ಅತಿ ಸ್ವಲ್ಪ ಉಬ್ಬಿರುತ್ತವೆ. ಒಂದರ ಉಬ್ಬಿದ ನಡುವಿಗೆ ಇನ್ನೊಂದರ ತಗ್ಗಿದ ತುದಿ ಬಂದರೆ ಕೈಯಾಡಿಸಿದಾಗ ತಡೆಯುತ್ತದೆ, ದೀಪದ ಬೆಳಕಿನಲ್ಲಿ ನೆರಳೂ ಬೀಳುತ್ತದೆ.

ಎಷ್ಟು ತರಬೇಕು

ಚದರಡಿ ಲೆಕ್ಕವನ್ನು ಬಿಟ್ಟು ನಕ್ಷೆಯಲ್ಲಿ ಟೈಲ್‌ಗಳನ್ನು ಒಂದೊಂದಾಗಿ ಎಣಿಸಿ. ವಿಸ್ತೀರ್ಣದ ಪ್ರಕಾರ ನಮ್ಮ ಗೋಡೆಗಳಿಗೆ ಬಾಗಿಲು ಕಳೆದು ಸುಮಾರು 95 ಟೈಲ್ ಸಾಕಿತ್ತು. ಸಾಲು ಸಾಲಾಗಿ ಎಣಿಸಿದಾಗ ಎದುರಿನ ಗೋಡೆಗೆ 24, ಎರಡು ಉದ್ದ ಗೋಡೆಗಳಿಗೆ 64, ಬಾಗಿಲ ಗೋಡೆಗೆ 17, ಒಟ್ಟು 105 ಬಂತು. ಕತ್ತರಿಸಿ ಉಳಿದದ್ದೆಲ್ಲ ಇನ್ನೊಂದು ಕಡೆಗೆ ಆಗುವುದಿಲ್ಲವಾದ್ದರಿಂದ ಈ ವ್ಯತ್ಯಾಸ. ಒಡೆಯುವುದಕ್ಕೆ, ಮುಂದಿನ ರಿಪೇರಿಗೆ ಎಂದು ಹತ್ತು ಸೇರಿಸಿ 115 ತಂದೆವು, ಬಾಕ್ಸಿಗೆ ಐದರಂತೆ 23 ಬಾಕ್ಸ್. ಎಲ್ಲ ಬಾಕ್ಸಿನ ಮೇಲೂ ಶೇಡ್ ಮತ್ತು ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿಬಿಡಿ. ಕೊನೆಗೆ ಎರಡು ಬಾಕ್ಸ್ ಸಾಲದೆ ಬಂದು ಮತ್ತೆ ಅಂಗಡಿಗೆ ಓಡಿದರೆ ಅದೇ ಹೆಸರಿನ ಟೈಲ್ ಸಿಗಬಹುದು, ಅದೇ ಬಣ್ಣ ಸಿಗುತ್ತದೆಂಬ ಭರವಸೆಯಿಲ್ಲ.

ಕೆಲಸ ಶುರುವಾಗುವ ಹಿಂದಿನ ಸಂಜೆ ನಾಲ್ಕೂ ಗೋಡೆಗಳ ನಕ್ಷೆಯನ್ನು ಆಯಾ ಗೋಡೆಗೇ ಅಂಟಿಸಿ, ಎದುರಿನ ಗೋಡೆಯ ನಡುಗೆರೆ ಮತ್ತು ಎರಡನೆಯ ಸಾಲಿನ ಕೆಳಗೆರೆಯನ್ನು ಮೇಸ್ತ್ರಿಯವರ ಕೈಯಿಂದಲೇ ಹೊಡೆಸಿ. ಕೆಳಗೆರೆಗೆ ಸರಿಯಾಗಿ ಒಂದು ನೇರ ಪಟ್ಟಿಯನ್ನು ಮೊಳೆ ಹೊಡೆದು ನಿಲ್ಲಿಸಿದರೆ ಮೊದಲ ಸಾಲು ಜಾರದೆ ಕೂರುತ್ತದೆ. ಅದಕ್ಕೂ ಮೊದಲು ಪೈಪ್‌ಗಳು ಇನ್ನೂ ಕಾಣುತ್ತಿರುವಾಗ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆದಿಡಿ. ಗೀಸರ್‌ಗೋ ಟವೆಲ್ ಕಂಬಿಗೋ ಮುಂದೆಂದಾದರೂ ಗೋಡೆ ಕೊರೆಯುವಾಗ ಪೈಪ್ ಎಲ್ಲಿದೆ ಎಂದು ತೋರಿಸುವುದು ಆ ಫೋಟೊ ಮಾತ್ರ. ಉಳಿದ ಟೈಲ್‌ಗಳನ್ನು ಶೇಡ್ ಸಂಖ್ಯೆಯಿರುವ ಬಾಕ್ಸಿನಲ್ಲಿಯೇ ಅಟ್ಟದ ಮೇಲೆ ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ.